ದಾರ ಎಳೆದರೆ ದೀಪ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಅಂಚೆಯಲ್ಲಿ ದಾರ ಎಳೆಯುವ, ಚೈನು ಜಗ್ಗುವ ಸ್ವಿಚ್ಚುಗಳ ಬಗ್ಗೆಯೇ ಪ್ರಶ್ನೆಗಳು ತುಂಬಿವೆ. ನಮ್ಮಲ್ಲಿ ಗೋಡೆ ಫ್ಯಾನಿಗೆ ಅವು ಇವೆ. ಹೊರದೇಶದಲ್ಲಿರುವ ಕನ್ನಡಿಗರ ಮನೆಯಲ್ಲಂತೂ ಬಚ್ಚಲಿನಿಂದ ಮಲಗುವ ಕೋಣೆವರೆಗೆ ನೇತಾಡುತ್ತಿರುತ್ತವೆ. ಯಾವ ದುರಸ್ತಿಗೂ ಮೊದಲ ಹೆಜ್ಜೆ ಒಂದೇ: ಪ್ಲಗ್ ಕಿತ್ತಿಡಿ. ಪ್ಲಗ್ ಇಲ್ಲದ ಕಡೆ ಎಂಸಿಬಿ (ಮೇನ್ ಬೋರ್ಡಿನ ಟ್ರಿಪ್ ಸ್ವಿಚ್) ಇಳಿಸಿ, ಟೆಸ್ಟರ್ ಹಚ್ಚಿ ಕರೆಂಟ್ ಹೋಗಿದೆ ಎಂದು ನೋಡಿದ ಮೇಲೆಯೇ ಕೈಯಿಡಿ. ಈ ಮಾತನ್ನು ಪ್ರತಿ ಉತ್ತರದಲ್ಲೂ ಹೇಳುತ್ತಾ ಕೂರುವುದಿಲ್ಲ.

ಪ್ರಶ್ನೆ: ಅಡುಗೆಮನೆಯ ಗೋಡೆ ಫ್ಯಾನಿನ ಸ್ಪೀಡ್ ದಾರ ಎಳೆದರೆ ಅಲ್ಲೇ ಜೋತು ಬೀಳುತ್ತದೆ, ವಾಪಸ್ ಮೇಲೆ ಹೋಗುವುದಿಲ್ಲ. ‘ಟಕ್’ ಸದ್ದೂ ಇಲ್ಲ. ಫ್ಯಾನ್ ಮಾತ್ರ ಒಂದೇ ಸ್ಪೀಡಿನಲ್ಲಿ ಓಡುತ್ತಿದೆ. ಮೋಟರ್ ಕೆಟ್ಟಿತೇ? — ದಾವಣಗೆರೆ

ಉತ್ತರ: ಮೋಟರಿಗೆ ಏನೂ ಆಗಿಲ್ಲ, ಓಡುತ್ತಿದೆಯಲ್ಲ! ಕೈಕೊಟ್ಟಿರುವುದು ಸ್ವಿಚ್ಚಿನೊಳಗಿನ ಸ್ಪ್ರಿಂಗ್, ಇಲ್ಲವೇ ಅಡುಗೆಮನೆಯ ಜಿಡ್ಡು.

ಆ ಪುಟ್ಟ ಡಬ್ಬಿಯೊಳಗೆ ಬಾವಿ ರಾಟೆಯಂಥ ಒಂದು ಪ್ಲಾಸ್ಟಿಕ್ ರಾಟೆ ಇರುತ್ತದೆ. ದಾರ ಅದಕ್ಕೆ ಸುತ್ತಿಕೊಂಡಿರುತ್ತದೆ. ರಾಟೆಯ ಅಡಿಯಲ್ಲಿ ಸುರುಳಿ ಸ್ಪ್ರಿಂಗ್, ಪಕ್ಕದಲ್ಲಿ ಒಂದೇ ದಿಕ್ಕಿಗೆ ಕಚ್ಚುವ ಗರಗಸದ ಹಲ್ಲು, ಆ ಹಲ್ಲಿಗೆ ಸಿಕ್ಕಿ ತಿರುಗುತ್ತಾ ಕರೆಂಟ್ ಸೇರಿಸುವ, ಬಿಡಿಸುವ ಕಾಂಟ್ಯಾಕ್ಟ್ ಬಿಲ್ಲೆ. ಎಳೆದಾಗ ರಾಟೆ ತಿರುಗಿ ಬಿಲ್ಲೆಯನ್ನು ಒಂದು ಮನೆ ಮುಂದೆ ನೂಕುತ್ತದೆ. ಬಿಟ್ಟಾಗ ಸ್ಪ್ರಿಂಗ್ ರಾಟೆಯನ್ನಷ್ಟೇ ಹಿಂದಕ್ಕೆ ಸುತ್ತುತ್ತದೆ. ಹಲ್ಲು ಜಾರಿಕೊಂಡು ಬರುತ್ತದೆ, ಬಿಲ್ಲೆ ನಿಂತಲ್ಲೇ ನಿಲ್ಲುತ್ತದೆ. ಸ್ಪ್ರಿಂಗ್ ಮುರಿದರೆ ಅಥವಾ ಅದರ ಕೊಕ್ಕೆ ಕಳಚಿದರೆ ರಾಟೆ ಹಿಂದೆ ಬರುವುದಿಲ್ಲ, ಮುಂದಿನ ಎಳೆತಕ್ಕೆ ಹಲ್ಲು ಸಿಗುವುದಿಲ್ಲ. ಬಿಲ್ಲೆ ಕೊನೆಗೆ ಯಾವ ಮನೆಯಲ್ಲಿ ನಿಂತಿತ್ತೋ ಆ ಸ್ಪೀಡಿನಲ್ಲೇ ಫ್ಯಾನ್ ಓಡುತ್ತಿರುತ್ತದೆ. ನಿಮ್ಮಲ್ಲಿ ಆಗಿರುವುದು ಇದೇ.

ಸ್ಪ್ರಿಂಗೋ ಜಿಡ್ಡೋ ಎಂದು ತಿಳಿಯುವುದು ಸುಲಭ. ಜೋತ ದಾರವನ್ನು ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆ ಸಡಿಲ ಬಿಡಿ. ನಿಧಾನವಾಗಿ, ತೆವಳಿಕೊಂಡಾದರೂ ಒಳಗೆ ಹೋದರೆ ಎಣ್ಣೆ ಹೊಗೆ ಮತ್ತು ಧೂಳು ಸೇರಿದ ಜಿಡ್ಡು. ಸತ್ತ ಹಾವಿನಂತೆ ಬಿದ್ದೇ ಇದ್ದರೆ ಸ್ಪ್ರಿಂಗ್. ಮೂರನೆಯದೂ ಒಂದಿದೆ: ದಾರ ಹೊರಬರುವ ಬಾಯಿಯಲ್ಲಿ ನೂಲು ಎದ್ದು ಸಿಕ್ಕಿಕೊಂಡಿರುವುದು. ಟಾರ್ಚ್ ಹಿಡಿದರೆ ಕಾಣುತ್ತದೆ. ಬೆಂಕಿಕಡ್ಡಿಯಿಂದ ತುಸುವೇ ಸುಟ್ಟು ನೂಲು ಕೂರಿಸಿದರೆ ಆಯಿತು, ನೈಲಾನ್ ಆದ್ದರಿಂದ ಕರಗಿ ಕೂರುತ್ತದೆ.

ಸ್ಪ್ರಿಂಗ್ ಹೋಗಿದ್ದರೆ ಸ್ವಿಚ್ಚನ್ನೇ ಬದಲಿಸಿ. ಬಿಚ್ಚಿ ರಿಪೇರಿ ಮಾಡಲು ಹೋಗಬೇಡಿ. ಡಬ್ಬಿಯ ಮುಚ್ಚಳ ತೆಗೆದ ಕ್ಷಣ ಸುರುಳಿ ಚಿಮ್ಮಿ ಎಲ್ಲೋ ಬೀಳುತ್ತದೆ. ಅದನ್ನು ಮತ್ತೆ ಸರಿಯಾದ ಬಿಗಿಗೆ ಸುತ್ತಿ ಕೂರಿಸಲು ಮೂರು ಕೈ ಬೇಕು. ಫ್ಯಾನನ್ನು ಗೋಡೆಯಿಂದ ಇಳಿಸಿ, ಬುಡದ ಮುಚ್ಚಳದ ಸ್ಕ್ರೂ ಬಿಚ್ಚಿ. ತಂತಿಗಳಿಗೆ ಕೈ ಹಚ್ಚುವ ಮೊದಲು ಫೋನಿನಲ್ಲಿ ಎರಡು ಫೋಟೋ ತೆಗೆಯಿರಿ, ಒಂದು ದೂರದಿಂದ, ಒಂದು ಸ್ವಿಚ್ಚಿನ ಅಕ್ಷರ ಓದಲು ಬರುವಷ್ಟು ಹತ್ತಿರದಿಂದ. ತಂತಿಯ ಬಣ್ಣ ಒಂದೊಂದು ಕಂಪನಿಯಲ್ಲಿ ಒಂದೊಂದು ಥರ ಇರುತ್ತದೆ, ಆದ್ದರಿಂದ ಬಣ್ಣ ನಂಬಬೇಡಿ. ಸ್ವಿಚ್ಚಿನ ಮೇಲಿನ ‘ಎಲ್’, ‘1’, ‘2’, ‘3’ ಗುರುತು ನಂಬಿ. ‘ಎಲ್’ಗೆ ಫೇಸ್ ಬರುತ್ತದೆ, ಉಳಿದವು ಮೋಟರ್ ವೈಂಡಿಂಗಿನ (ತಂತಿ ಸುರುಳಿಯ) ನಡುನಡುವಿನಿಂದ ಹೊರತೆಗೆದ ತುದಿಗಳಿಗೆ, ಅಂದರೆ ಟ್ಯಾಪುಗಳಿಗೆ ಹೋಗುತ್ತವೆ. ಒಳಗೆ ಕಾಣುವ ಚೌಕ ಡಬ್ಬಿ ಕೆಪಾಸಿಟರ್. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು, ಅದರ ತುದಿಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಹೊಸ ಸ್ವಿಚ್ಚನ್ನು ಕೂರಿಸುವ ಮೊದಲೇ ಮಲ್ಟಿಮೀಟರನ್ನು ಬೀಪ್‌ಗೆ (ಎರಡು ತುದಿ ಒಳಗೆ ಸೇರಿದ್ದರೆ ಸದ್ದು ಮಾಡುವಂತೆ) ಇಟ್ಟು ನೋಡಿ. ಒಂದು ಮುಳ್ಳು ‘ಎಲ್’ನಲ್ಲಿ, ಇನ್ನೊಂದನ್ನು ಸರದಿಯಂತೆ 1, 2, 3ರಲ್ಲಿ ಹಿಡಿದು ದಾರ ಎಳೆಯುತ್ತಾ ಹೋಗಿ. ಒಂದು ಮನೆಯಲ್ಲಿ ಎಲ್ಲವೂ ಮೌನ, ಅದು ಆಫ್. ಉಳಿದ ಮನೆಗಳ ಸರದಿಯನ್ನು ಹಳೆಯದರ ಜತೆ ಹೋಲಿಸಿ. ನೋಡಲು ಅವಳಿಜವಳಿಯಂತಿರುವ ಸ್ವಿಚ್ಚುಗಳಲ್ಲಿ ಕೆಲವು ಒಂದು ಸಲಕ್ಕೆ ಒಂದೇ ಟರ್ಮಿನಲ್ ಸೇರಿಸುತ್ತವೆ, ಕೆಲವು ಎರಡೆರಡನ್ನು ಸೇರಿಸುತ್ತವೆ. ಟ್ಯಾಪ್ ವೈಂಡಿಂಗಿನ ಮೋಟರಿಗೆ ಎರಡನೆಯ ಥರದ್ದನ್ನು ಹಾಕಿದರೆ ವೈಂಡಿಂಗಿನ ಒಂದು ಭಾಗ ಶಾರ್ಟ್ ಆಗಿ ಬಿಸಿಯೇರುತ್ತದೆ. ಆಗ ಮೋಟರ್ ನಿಜವಾಗಿಯೂ ಹೋಗುತ್ತದೆ.

ಪ್ರಶ್ನೆ: ಮಾಮೂಲಿ ಸ್ವಿಚ್ಚನ್ನು ಮೇಲೆ ಒತ್ತಿದರೆ ಒಂದು, ಕೆಳಗೆ ಒತ್ತಿದರೆ ಇನ್ನೊಂದು. ದಾರವನ್ನು ಯಾವಾಗಲೂ ಕೆಳಕ್ಕೇ ಎಳೆಯುತ್ತೇವೆ. ಅದೇ ಎಳೆತ ದೀಪ ಹಚ್ಚುವುದಕ್ಕೂ ಆರಿಸುವುದಕ್ಕೂ ಹೇಗೆ ಒದಗುತ್ತದೆ? — ಮೈಸೂರು

ಉತ್ತರ: ಇಡೀ ವಿನ್ಯಾಸದ ಗುಟ್ಟೇ ಅದು. ಕರೆಂಟಿಗೆ ಮುಂಚೆ ಪಾಶ್ಚಾತ್ಯ ದೇಶಗಳಲ್ಲಿ ಗ್ಯಾಸ್ ದೀಪಗಳಿದ್ದವು. ಎತ್ತರದ ಗ್ಯಾಸ್ ದೀಪಕ್ಕೆ ತಕ್ಕಡಿ ದಂಡಿಗೆಯಂಥ ಸನ್ನೆಗೋಲು, ಅದರ ಎರಡು ತುದಿಗೆ ಎರಡು ಚೈನು. ಒಂದನ್ನು ಎಳೆದರೆ ಗ್ಯಾಸ್ ತೆರೆಯುತ್ತಿತ್ತು, ಇನ್ನೊಂದನ್ನು ಎಳೆದರೆ ಮುಚ್ಚುತ್ತಿತ್ತು. ವಿದ್ಯುತ್ ಬಲ್ಬಿನ ಮೊದಲ ಹೋಲ್ಡರುಗಳಲ್ಲಿ ಚೈನೇ ಇರಲಿಲ್ಲ. ಹೋಲ್ಡರಿನ ಪಕ್ಕದ ಕಿವಿಯನ್ನು ಬೀಗದ ಕೈಯಂತೆ ತಿರುಗಿಸಬೇಕಿತ್ತು. ದೀಪ ಎತ್ತರದಲ್ಲಿದ್ದರೆ ಸ್ಟೂಲು ಹತ್ತಬೇಕು, ಉರಿಯುತ್ತಿದ್ದರೆ ಬೆರಳು ಸುಡುತ್ತದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟಿನ ಹಾರ್ವೆ ಹಬ್ಬೆಲ್ 1896ರಲ್ಲಿ ಚೈನು ಎಳೆಯುವ ಹೋಲ್ಡರಿಗೆ ಪೇಟೆಂಟ್ ಪಡೆದ. ಚುಚ್ಚಿ ತೆಗೆಯುವ ಪ್ಲಗ್ಗಿಗೆ 1904ರಲ್ಲಿ ಪೇಟೆಂಟ್ ಪಡೆದವನೂ ಇವನೇ.

ಎರಡು ಚೈನಿನ ಕೆಲಸವನ್ನು ಒಂದಕ್ಕೆ ಒಪ್ಪಿಸಬೇಕಾದರೆ ಸ್ವಿಚ್ ಯಾವ ಮನೆಯಲ್ಲಿದೆ ಎಂಬ ನೆನಪು ಕೈಯಲ್ಲಿರದೆ ಯಂತ್ರದಲ್ಲಿರಬೇಕು. ಹೋಲ್ಡರಿನೊಳಗೆ ಬೆರಳ ತುದಿಯಷ್ಟು ದಪ್ಪದ, ಕರೆಂಟ್ ಹರಿಯದ ವಸ್ತುವಿನ ಉರುಳೆಯೊಂದನ್ನು ಕಲ್ಪಿಸಿಕೊಳ್ಳಿ. ಅದರ ಮೈಮೇಲೆ ಎದುರುಬದುರಾಗಿ ಎರಡು ಹಿತ್ತಾಳೆ ಪಟ್ಟಿ. ಪಕ್ಕದಲ್ಲಿ ಎರಡು ಹಿತ್ತಾಳೆ ನಾಲಿಗೆಗಳು ಉರುಳೆಯನ್ನು ಒತ್ತಿ ನಿಂತಿವೆ. ಪ್ರತಿ ಎಳೆತಕ್ಕೆ ಉರುಳೆ ಕಾಲು ಸುತ್ತು, ಅಂದರೆ 90 ಡಿಗ್ರಿ ತಿರುಗುತ್ತದೆ. ನಾಲಿಗೆಗಳ ಅಡಿಗೆ ಹಿತ್ತಾಳೆ ಬಂದರೆ ದೀಪ, ಬರಿ ಮೈ ಬಂದರೆ ಕತ್ತಲೆ. ನಾಲ್ಕು ಎಳೆತಕ್ಕೆ ಒಂದು ಪೂರ್ತಿ ಸುತ್ತು, ಅದರಲ್ಲಿ ಎರಡು ಸಲ ಬೆಳಕು. ಮೂರು ಸ್ಪೀಡಿನ ಫ್ಯಾನಿಗೆ ಪಟ್ಟಿಗಳ ಜೋಡಣೆ ಬೇರೆ ಅಷ್ಟೇ, ತತ್ವ ಇದೇ.

ಇಂಗ್ಲೆಂಡಿನ ಚಾವಣಿ ಸ್ವಿಚ್ಚುಗಳಲ್ಲಿ ಉರುಳೆಯ ಬದಲು ಮಕ್ಕಳ ಏತವಾಟದಂಥ ಮರಿ ಹಲಗೆ ಇರುತ್ತದೆ. ದಾರಕ್ಕೆ ಕಟ್ಟಿದ ಅಲ್ಲಾಡುವ ಕೊಕ್ಕೆ ಒಮ್ಮೆ ಹಲಗೆಯ ಎಡ ಭುಜವನ್ನು ತಳ್ಳುತ್ತದೆ. ಹಲಗೆ ವಾಲಿದ ಮೇಲೆ ಕೊಕ್ಕೆ ತಾನಾಗಿ ಬಲಕ್ಕೆ ಸರಿದು ನಿಲ್ಲುತ್ತದೆ, ಮುಂದಿನ ಎಳೆತ ಬಲ ಭುಜಕ್ಕೆ. ಟಿಕ್ ಎನ್ನಿಸಿ ಬರೆಯುವ ಬಾಲ್‌ಪೆನ್ನಿನ ಹತ್ತಿರದ ನೆಂಟ.

ಇನ್ನು ಆ ‘ಟಕ್’. ಅದು ಸುಮ್ಮನೆ ಬರುವ ಸದ್ದಲ್ಲ. ಕಾಂಟ್ಯಾಕ್ಟುಗಳು ನಿಧಾನಕ್ಕೆ ಬೇರೆಯಾದರೆ ನಡುವೆ ಕಿಡಿ ಹೊತ್ತಿ ಎಳೆದುಕೊಂಡು ಉರಿಯುತ್ತದೆ. ಆರಂಭದ ದಿನಗಳ, ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟಿನಲ್ಲಂತೂ ಈ ಕಿಡಿ ಆರುವುದೇ ಕಷ್ಟ. ಅದಕ್ಕೇ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನ ಜಾನ್ ಹೆನ್ರಿ ಹೋಮ್ಸ್ 1884ರಲ್ಲಿ ಫಕ್ಕನೆ ಬಿಡಿಸಿಕೊಳ್ಳುವ ಸ್ವಿಚ್ ರೂಪಿಸಿದ. ಚೈನಿನ ಸ್ವಿಚ್ಚೂ ಅದೇ ದಾರಿ ಹಿಡಿಯಿತು. ಒಳ್ಳೆಯ ಸ್ವಿಚ್ಚಿನಲ್ಲಿ ನಿಮ್ಮ ಕೈ ಉರುಳೆಯನ್ನು ನೇರ ತಿರುಗಿಸುವುದೇ ಇಲ್ಲ, ಸ್ಪ್ರಿಂಗಿಗೆ ಬಿಗಿ ತುಂಬುತ್ತದೆ ಅಷ್ಟೇ. ಉರುಳೆ ಒಂದು ಉಬ್ಬಿಗೆ ತಡೆದು ನಿಂತಿರುತ್ತದೆ. ಬಿಗಿ ಮಿತಿ ಮೀರಿದಾಗ ಉಬ್ಬು ಹಾರಿ ಮುಂದಿನ ಮನೆಗೆ ಜಿಗಿಯುತ್ತದೆ. ನೀವು ಮೆಲ್ಲಗೆ ಎಳೆಯಿರಿ, ಜೋರಾಗಿ ಎಳೆಯಿರಿ, ಜಿಗಿತದ ವೇಗ ಒಂದೇ. ಈಗಿನ 50 ಹರ್ಟ್ಸ್ ಎಸಿಯಲ್ಲಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುವುದರಿಂದ ಕಿಡಿ ತಾನಾಗಿಯೂ ಆರುತ್ತದೆ, ಆದರೂ ಟಕ್ ಉಳಿದುಕೊಂಡಿದೆ. ಅದು ಮೆತ್ತಗಾಗಿ ‘ಟುಸ್’ ಎನ್ನತೊಡಗಿದರೆ ಉಬ್ಬು ಸವೆದಿದೆ ಎಂದರ್ಥ. ಉರುಳೆ ಎರಡು ಮನೆಯ ನಡುವೆ ನಿಂತು ನಾಲಿಗೆಯ ಅಂಚು ಮಾತ್ರ ತಾಗಿ, ದೀಪ ಮಿಣುಕುತ್ತದೆ, ಹಿತ್ತಾಳೆ ಕರ್ರಗಾಗುತ್ತದೆ. ಆಗ ತಡಮಾಡದೆ ಬದಲಿಸಿ.

ಪ್ರಶ್ನೆ: ಇಲ್ಲಿ ಬಾಡಿಗೆಗೆ ಹಿಡಿದ ಮನೆಯ ಬಚ್ಚಲಿನಲ್ಲಿ ಗೋಡೆ ಸ್ವಿಚ್ಚೇ ಇಲ್ಲ, ಚಾವಣಿಯಿಂದ ದಾರ ಇಳಿಬಿಟ್ಟಿದ್ದಾರೆ. ಊರಿನಲ್ಲಿ ಬಾಗಿಲ ಹೊರಗೆ ಸ್ವಿಚ್ ಇತ್ತು, ಅದೇ ಒಳ್ಳೆಯದಲ್ಲವೇ? — ಲೆಸ್ಟರ್, ಇಂಗ್ಲೆಂಡ್

ಉತ್ತರ: ಎರಡರ ಉದ್ದೇಶವೂ ಒಂದೇ: ಒದ್ದೆ ಕೈಯನ್ನು ಕರೆಂಟಿನಿಂದ ದೂರ ಇಡುವುದು. ನಮ್ಮವರು ಸ್ವಿಚ್ಚನ್ನು ಬಾಗಿಲಾಚೆ ಸರಿಸಿದರು, ಅವರು ಚಾವಣಿಗೆ ಏರಿಸಿದರು. ಬಾಗಿಲಾಚೆಯದ್ದರಲ್ಲಿ ಒಂದೇ ಕಿರಿಕಿರಿ, ಒಳಗಿರುವಾಗ ಹೊರಗಿನವರು ದೀಪ ಆರಿಸಿಬಿಡುತ್ತಾರೆ.

ಬ್ರಿಟನ್ನಿನ ವೈರಿಂಗ್ ನಿಯಮಾವಳಿ ಬಿಎಸ್ 7671 ಬಚ್ಚಲನ್ನು ವಲಯಗಳಾಗಿ ಹಂಚುತ್ತದೆ. ಟಬ್ಬಿನ ಒಳಗು ಸೊನ್ನೆ ವಲಯ. ಅದರ ಮೇಲೆ ನೆಲದಿಂದ 2.25 ಮೀಟರ್ ಎತ್ತರದವರೆಗೆ ಒಂದನೆಯದು. ಅದರ ಸುತ್ತ 60 ಸೆಂಟಿಮೀಟರ್ ಎರಡನೆಯದು. ಮಾಮೂಲಿ ಮೇನ್ಸ್ ಸ್ವಿಚ್ಚಿಗೆ ಈ ವಲಯಗಳಲ್ಲಿ ಜಾಗವಿಲ್ಲ, ಆದರೆ ಕರೆಂಟ್ ಹರಿಯದ ದಾರ ಒಂದು ಮತ್ತು ಎರಡನೆಯ ವಲಯಕ್ಕೆ ಇಳಿಯಬಹುದು. ವಲಯ ಮೀರಿದ ಗೋಡೆಯಲ್ಲಿ ಸ್ವಿಚ್ಚಿಡಲು ನಿಯಮದ ಅಡ್ಡಿಯಿಲ್ಲ. ಅಲ್ಲಿನ ಬೆಂಕಿಪೊಟ್ಟಣದಂಥ ಬಚ್ಚಲಿನಲ್ಲಿ ಅಂಥ ಗೋಡೆ ಸಿಗಬೇಕಲ್ಲ!

ಒಂದು ಮಾತು ನೆನಪಿಡಿ. ದಾರ ಹಳಸಿ ತುಂಡಾದರೆ ಅದರ ಜಾಗಕ್ಕೆ ಲೋಹದ ಚೈನನ್ನು ಕಟ್ಟಬೇಡಿ. ಸ್ವಿಚ್ಚಿಗೆ ಸೇರಿದ ಗಿಡ್ಡ ದಾರದ ತುದಿಯಲ್ಲಿ ಎರಡು ಹೋಳಿನ ಪ್ಲಾಸ್ಟಿಕ್ ಕಾಯಿ ಇರುತ್ತದೆ. ಅದನ್ನು ತಿರುಪಿ ಬಿಡಿಸಿ ಕೆಳಹೋಳಿಗೆ ಹೊಸ ನೈಲಾನ್ ದಾರ ಗಂಟು ಹಾಕಿದರೆ ಎರಡು ನಿಮಿಷದ ಕೆಲಸ. ಸ್ವಿಚ್ಚನ್ನು ಬಿಚ್ಚುವ ಅಗತ್ಯವೇ ಬೀಳುವುದಿಲ್ಲ.

ಪ್ರಶ್ನೆ: ನೀರನ್ನು ತಾನೇ ಕಾಯಿಸುವ ಎಲೆಕ್ಟ್ರಿಕ್ ಶವರಿನ ದಾರದ ಸ್ವಿಚ್ ಎಳೆದಾಗ ಒಮ್ಮೊಮ್ಮೆ ಜುಂಯ್ ಎನ್ನುತ್ತದೆ, ಮೀನು ಸುಟ್ಟಂಥ ವಾಸನೆ. ಕೆಂಪು ದೀಪ ಉರಿಯುತ್ತದೆ, ಆದರೆ ನೀರು ತಣ್ಣಗೆ. — ಮ್ಯಾಂಚೆಸ್ಟರ್

ಉತ್ತರ: ಇವತ್ತೇ ಆ ಸರ್ಕ್ಯೂಟಿನ ಎಂಸಿಬಿ ಇಳಿಸಿ, ಎಲೆಕ್ಟ್ರಿಷಿಯನ್ ಬರುವ ತನಕ ಬಕೆಟ್ ಸ್ನಾನ ಮಾಡಿ. ಮೀನಿನ ವಾಸನೆ ಸ್ವಿಚ್ಚಿನ ಪ್ಲಾಸ್ಟಿಕ್ ಬೇಯುತ್ತಿರುವ ವಾಸನೆ.

ದೀಪದ ದಾರದ ಸ್ವಿಚ್ 6 ಆಂಪಿಯರಿನದು. ಶವರಿನದು ಅದರ ದೊಡ್ಡಣ್ಣ, 45 ಅಥವಾ 50 ಆಂಪಿಯರ್, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕತ್ತರಿಸುವಂಥದ್ದು. 10.5 ಕಿಲೋವಾಟಿನ ಶವರ್ 240 ವೋಲ್ಟಿಗೆ ಸುಮಾರು 44 ಆಂಪಿಯರ್ ಎಳೆಯುತ್ತದೆ, 45ರ ಸ್ವಿಚ್ಚಿಗೆ ಉಸಿರಾಡಲೂ ಜಾಗವಿಲ್ಲ. ಬದಲಿಸುವಾಗ 50ರದ್ದೇ ಹಾಕಿಸಿ. ಸುಡುವುದಕ್ಕೆ ಕಾರಣ ಸಾಮಾನ್ಯವಾಗಿ ಎರಡು. ದಪ್ಪ ಕೇಬಲ್ ಬಿಸಿಯಾಗಿ ಹಿಗ್ಗಿ, ತಣ್ಣಗಾಗಿ ಕುಗ್ಗಿ, ಟರ್ಮಿನಲ್ ಸ್ಕ್ರೂ ಸಡಿಲವಾಗುವುದು ಒಂದು. ನೀರು ಕಾಯುತ್ತಿರುವಾಗಲೇ ದಾರ ಎಳೆದು ಆಫ್ ಮಾಡುವ ಅಭ್ಯಾಸ ಇನ್ನೊಂದು. ಪ್ರತಿ ಸಲವೂ 40 ಆಂಪಿಯರಿನ ಕಿಡಿ ಕಾಂಟ್ಯಾಕ್ಟನ್ನು ಕೊರೆಯುತ್ತದೆ. ಮೊದಲು ಶವರಿನ ಗುಂಡಿಯಲ್ಲೇ ನಿಲ್ಲಿಸಿ, ಆಮೇಲೆ ದಾರ ಎಳೆಯಿರಿ.

ಸ್ವಿಚ್ಚಿನ ಆ ಕೆಂಪು ನಿಯಾನ್ ದೀಪವನ್ನು ನಂಬಬೇಡಿ. ಅದಕ್ಕೆ ಬೇಕಾಗುವುದು ಕೂದಲೆಳೆಯಷ್ಟು ಕರೆಂಟ್, ಸುಟ್ಟು ಕರಕಲಾದ ಕಾಂಟ್ಯಾಕ್ಟಿನ ಮೂಲಕವೂ ಅಷ್ಟು ಹಾಯುತ್ತದೆ. ಪಕ್ಕದ ಕಿಟಕಿಯಲ್ಲಿ ಬಣ್ಣ ಬದಲಿಸುವ ಪಟ್ಟಿ ಇರುತ್ತದಲ್ಲ, ಅದು ಯಂತ್ರದ ಜತೆಗೇ ಸರಿಯುತ್ತದೆ. ಆ ಪಟ್ಟಿ ಅರ್ಧಕ್ಕೆ ನಿಂತಿದ್ದರೆ ಸ್ವಿಚ್ಚೂ ಅರ್ಧಕ್ಕೆ ನಿಂತಿದೆ.

ಪ್ರಶ್ನೆ: ಸೀಲಿಂಗ್ ಫ್ಯಾನಿನ ಚೈನು ಮಕ್ಕಳು ಜಗ್ಗಿ ಕಿತ್ತುಹೋಯಿತು. ಸ್ವಿಚ್ಚೇ ಬದಲಿಸಬೇಕೇ, ಚೈನು ಮಾತ್ರ ಸಾಕೇ? — ಡಲ್ಲಾಸ್, ಅಮೆರಿಕ

ಉತ್ತರ: ಸ್ವಿಚ್ಚಿನ ಬಾಯಿಂದ ಎರಡು ಮಣಿಯಾದರೂ ಹೊರಗೆ ಕಾಣುತ್ತಿದ್ದರೆ ಚೈನು ಮಾತ್ರ ಸಾಕು. ಪೂರ್ತಿ ಒಳಗೆ ಹೋಗಿದ್ದರೆ ಸ್ವಿಚ್ ಬದಲಿಸಿ, ಒಳಗಿನ ಮಣಿಯನ್ನು ಇಕ್ಕುಳದಿಂದ ಹುಡುಕುವುದು ವ್ಯರ್ಥ.

ಈ ಮಣಿಚೈನು ನೋಡಲು ಗಟ್ಟಿ ಗುಂಡುಗಳ ಸರದಂತಿದ್ದರೂ ಮಣಿಗಳು ಪೊಳ್ಳು. ತೆಳು ತಗಡನ್ನು ಮಡಿಸಿ ಗುಂಡಾಗಿಸಿ, ಎರಡು ಮಣಿಯ ನಡುವೆ ಡಂಬೆಲ್ ಆಕಾರದ ಸಣ್ಣ ಕಡ್ಡಿ ಸೇರಿಸಿರುತ್ತಾರೆ. ಹೀಗಾಗಿ ಪ್ರತಿ ಮಣಿಯೂ ತನ್ನಷ್ಟಕ್ಕೆ ಸುತ್ತುತ್ತದೆ, ಎಷ್ಟು ತಿರುವಿದರೂ ಚೈನು ಗಂಟಾಗುವುದಿಲ್ಲ. ನೇರ ಎಳೆತಕ್ಕೆ ತಾಳುತ್ತದೆ. ಓರೆಯಾಗಿ ಜಗ್ಗಿದರೆ ಸ್ವಿಚ್ಚಿನ ಬಾಯಿಯ ಅಂಚು ಕಡ್ಡಿಯನ್ನು ಮಡಿಸಿ ಮಣಿಯಿಂದ ಕಳಚುತ್ತದೆ. ಫ್ಯಾನಿಗೆ ಸಾಮಾನ್ಯವಾಗಿ 6ನೇ ನಂಬರಿನದು, ಮಣಿಯ ಅಡ್ಡಗಲ 3.2 ಮಿಲಿಮೀಟರ್. 3ನೇ ನಂಬರ್ 2.4 ಮಿ.ಮೀ., 10ನೇ ನಂಬರ್ 4.5ರ ಆಸುಪಾಸು. ಜೋಡಿಸುವ ಕ್ಲಿಪ್ಪೂ ಅದೇ ನಂಬರಿನದಾಗಿರಬೇಕು. ದೊಡ್ಡದಾದರೆ ಜಾರುತ್ತದೆ, ಚಿಕ್ಕದಾದರೆ ಕೂರುವುದೇ ಇಲ್ಲ.

ಸ್ವಿಚ್ ಬದಲಿಸುವುದಾದರೆ ಗೋಡೆ ಫ್ಯಾನಿಗೆ ಹೇಳಿದ ಎಚ್ಚರಿಕೆಗಳೆಲ್ಲ ಇಲ್ಲಿಗೂ ಅನ್ವಯ. ಮುಖ್ಯವಾಗಿ ಡಬ್ಬಿಯ ಮೇಲಿನ ಮಾದರಿ ಸಂಖ್ಯೆ ಬರೆದುಕೊಂಡು ಅಂಗಡಿಗೆ ಹೋಗಿ. ದೀಪದ ಚೈನಿನ ಸ್ವಿಚ್ಚಿಗೆ ಎರಡೇ ತಂತಿ, ಫ್ಯಾನಿನದಕ್ಕೆ ಸಾಮಾನ್ಯವಾಗಿ ನಾಲ್ಕು, ಅದಲುಬದಲಾಗುವ ಪ್ರಮೇಯವಿಲ್ಲ. ತಂತಿ ಚುಚ್ಚುವ ಥರದ ಟರ್ಮಿನಲ್ ಇದ್ದರೆ ಎಳೆದು ಕೀಳಬೇಡಿ. ಪಕ್ಕದ ಸಂದಿಗೆ ತೆಳು ಸೂಜಿಯಂಥದ್ದನ್ನು ತೂರಿಸಿದರೆ ಒಳಗಿನ ನಾಲಿಗೆ ಬಿಡುತ್ತದೆ. ಹೊಸದಕ್ಕೆ ತುದಿಯಲ್ಲಿ ಒಂದು ಸೆಂಟಿಮೀಟರಿನಷ್ಟು ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು ತೂರಿಸಿ. ಒಂದೇ ಒಂದು ಎಳೆ ಹೊರಗುಳಿದರೂ ಪಕ್ಕದ ಟರ್ಮಿನಲ್ಲಿಗೆ ತಾಗುತ್ತದೆ. ಸ್ವಿಚ್ಚಿನ ಕುತ್ತಿಗೆಯ ನಟ್ಟನ್ನು ಕೈಯಲ್ಲಿ ಬಿಗಿದು, ಮೇಲೆ ಅರ್ಧ ಸುತ್ತು ಇಕ್ಕುಳ ಸಾಕು. ಜಾಸ್ತಿ ಬಿಗಿದರೆ ಪ್ಲಾಸ್ಟಿಕ್ ಕುತ್ತಿಗೆ ಸೀಳುತ್ತದೆ.

ಸ್ವಿಚ್ ಬದಲಿಸಿದ ಮೇಲೂ ಹೈ ಮಾತ್ರ ಓಡಿ, ಉಳಿದ ಎರಡು ಸ್ಪೀಡಿನಲ್ಲಿ ಫ್ಯಾನ್ ಅಲ್ಲಾಡದಿದ್ದರೆ ಸ್ವಿಚ್ಚನ್ನು ದೂರಬೇಡಿ. ಅಲ್ಲಿನ ಬಹಳಷ್ಟು ಫ್ಯಾನುಗಳಲ್ಲಿ ಮೀಡಿಯಂ ಮತ್ತು ಲೋ ಸ್ಪೀಡಿನ ಕರೆಂಟ್ ಕೆಪಾಸಿಟರ್ ಮೂಲಕ ಹೋಗುತ್ತದೆ. ಸತ್ತಿರುವುದು ಅದು.

ಪ್ರಶ್ನೆ: ನಮ್ಮಲ್ಲೂ ಚೈನಿನ ಸೀಲಿಂಗ್ ಫ್ಯಾನ್ ಇದೆ: ಮೊದಲ ಎಳೆತಕ್ಕೇ ಜೋರು ಗಾಳಿ, ಆಮೇಲೆ ಮಧ್ಯಮ, ಆಮೇಲೆ ನಿಧಾನ. ಉಲ್ಟಾ ಇರಬೇಕಿತ್ತಲ್ಲವೇ? — ಸ್ಯಾನ್ ಹೋಸೆ

ಉತ್ತರ: ನಿಂತ ಮೋಟರನ್ನು ಎಬ್ಬಿಸಲು ಓಡುತ್ತಿರುವುದನ್ನು ಓಡಿಸುವುದಕ್ಕಿಂತ ಹೆಚ್ಚು ಬಲ ಬೇಕು. ಕಡಿಮೆ ಸ್ಪೀಡಿನಲ್ಲಿ ಮೋಟರಿಗೆ ಸಿಗುವ ವೋಲ್ಟೇಜೇ ಕಡಿಮೆ, ಬೇರಿಂಗ್ ಸ್ವಲ್ಪ ಬಿಗಿಯಾಗಿದ್ದರೆ ಗುಂಯ್ ಎಂದು ನಿಂತುಬಿಡುತ್ತದೆ. ಮೊದಲು ಹೈನಲ್ಲಿ ಎಬ್ಬಿಸಿ ಆಮೇಲೆ ಇಳಿಸುವುದು ಅದಕ್ಕೇ.

ಪ್ರಶ್ನೆ: ಅಮೆರಿಕದಿಂದ ತಂದ ಹಿತ್ತಾಳೆ ಟೇಬಲ್ ಲ್ಯಾಂಪ್ ಇದೆ, ಚೈನು ಎಳೆಯುವಂಥದ್ದು. ಬಲ್ಬ್ ಬದಲಿಸಿ ಇಲ್ಲಿ ಬಳಸಬಹುದೇ? — ಹುಬ್ಬಳ್ಳಿ

ಉತ್ತರ: ಬಲ್ಬ್ ಜತೆಗೆ ವೈರನ್ನೂ ಬದಲಿಸಿದರೆ ಬಳಸಬಹುದು. ಅಲ್ಲಿ 120 ವೋಲ್ಟ್, ಇಲ್ಲಿ 230. ಹೋಲ್ಡರಿನ ಮೇಲೆ 250 ವೋಲ್ಟ್ ಎಂದು ಅಚ್ಚು ಇದೆಯೇ ನೋಡಿ. ಇದ್ದರೆ ಹೋಲ್ಡರ್ ಇರಲಿ, 125 ಎಂದಿದ್ದರೆ ಅದನ್ನೂ ತೆಗೆದು ಇ27 ಅಳತೆಯ ತಿರುಪಿನ ಹೋಲ್ಡರ್ ಹಾಕಿ. ಅವರ ಇ26 ತಿರುಪಿಗೆ ನಮ್ಮ ಇ27 ಎಲ್‌ಇಡಿ ಬಲ್ಬ್ ಸಾಮಾನ್ಯವಾಗಿ ಕೂರುತ್ತದೆ. ಪಿನ್ನಿನ ಬಿ22 ಕೂರುವುದಿಲ್ಲ.

ನಿಜವಾದ ಅಪಾಯ ಬೇರೆ ಕಡೆ ಇದೆ. ಅಲ್ಲಿನ ಎರಡು ಪಿನ್ನಿನ ಪ್ಲಗ್ಗಿನಲ್ಲಿ ಒಂದು ಅಲಗು ಅಗಲ, ಅದು ನ್ಯೂಟ್ರಲ್. ತಿರುಗಿಸಿ ಚುಚ್ಚಲು ಆಗದು. ಹಾಗಾಗಿ ಹೋಲ್ಡರಿನ ತಿರುಪು ಯಾವಾಗಲೂ ನ್ಯೂಟ್ರಲ್ಲಿಗೆ, ನಡುವಿನ ಬೊಟ್ಟು ಸ್ವಿಚ್ ಮೂಲಕ ಫೇಸಿಗೆ. ನಮ್ಮ ಎರಡು ಪಿನ್ನಿನ ಪ್ಲಗ್ಗನ್ನು ಹೇಗೆ ಬೇಕಾದರೂ ಚುಚ್ಚಬಹುದು. ತಿರುಗುಮುರುಗಾದರೆ ಚೈನು ಎಳೆದು ದೀಪ ಆರಿಸಿದ ಮೇಲೂ ತಿರುಪಿನಲ್ಲಿ ಫೇಸ್ ಇರುತ್ತದೆ. ಬಲ್ಬ್ ಬದಲಿಸಲು ಹೋದ ಬೆರಳು ಅದಕ್ಕೆ ತಾಗುತ್ತದೆ, ಮೈಯೆಲ್ಲ ಹಿತ್ತಾಳೆ ಬೇರೆ.

0.75 ಚದರ ಮಿಲಿಮೀಟರಿನ ಮೂರು ಎಳೆಯ ವೈರ್ ತನ್ನಿ, ಮೂರು ಪಿನ್ನಿನ 6 ಆಂಪಿಯರ್ ಪ್ಲಗ್ ಹಾಕಿ. ಅರ್ಥಿಂಗ್ ಎಳೆಯನ್ನು ದೀಪದ ಲೋಹದ ಮೈಗೆ, ಬಣ್ಣ ಕೆರೆದು, ನಟ್ಟು ಹಾಕಿ ಬಿಗಿಯಿರಿ. ಅಮೆರಿಕದ ಹೋಲ್ಡರಿನಲ್ಲಿ ಬೆಳ್ಳಿ ಬಣ್ಣದ ಸ್ಕ್ರೂ ನ್ಯೂಟ್ರಲ್ಲಿಗೆ, ಹಿತ್ತಾಳೆ ಬಣ್ಣದ್ದು ಫೇಸಿಗೆ. ಹೊರಚಿಪ್ಪು ತೆಗೆದಾಗ ಒಳಗೊಂದು ರಟ್ಟಿನ ಕೊಳವೆ ಸಿಗುತ್ತದೆ. ಪ್ಯಾಕಿಂಗ್ ಎಂದು ಎಸೆಯುವವರಿದ್ದಾರೆ! ಹಿತ್ತಾಳೆ ಚಿಪ್ಪಿಗೂ ಸ್ಕ್ರೂಗಳಿಗೂ ನಡುವೆ ಇರುವ ರಕ್ಷಣೆ ಅದೊಂದೇ. ಹರಿದಿದ್ದರೆ ಹೋಲ್ಡರನ್ನೇ ಬದಲಿಸಿ. ಫೇಸ್, ನ್ಯೂಟ್ರಲ್ ಎಳೆಗಳಿಗೆ ಹೋಲ್ಡರಿನ ಬುಡದಲ್ಲಿ ಗಂಟು ಹಾಕಿ, ಯಾರಾದರೂ ವೈರ್ ಎಡವಿದರೆ ಎಳೆತ ಗಂಟಿನ ಮೇಲೆ ಬೀಳುತ್ತದೆ, ಸ್ಕ್ರೂ ಮೇಲಲ್ಲ.

ಪ್ರಶ್ನೆ: ದಾರದ ಸ್ವಿಚ್ ಬಿಗಿಯಾಗಿದೆ. ಒಂದು ತೊಟ್ಟು ತೆಂಗಿನೆಣ್ಣೆ ಬಿಡಬಹುದೇ? — ಉಡುಪಿ

ಉತ್ತರ: ಬೇಡ. ತುಕ್ಕು ಬಿಡಿಸುವ ಸ್ಪ್ರೇಯೂ ಬೇಡ. ಎಣ್ಣೆ ಕಾಂಟ್ಯಾಕ್ಟಿಗೆ ಹರಿದು ಕಿಡಿಗೆ ಸುಟ್ಟು ಮಸಿಯಾಗುತ್ತದೆ, ಮಸಿ ಕರೆಂಟನ್ನು ಹಾಯಿಸುತ್ತದೆ. ಧೂಳನ್ನೂ ಹಿಡಿಯುತ್ತದೆ. ನಿಮ್ಮ ಕರಾವಳಿಯ ಉಪ್ಪುಗಾಳಿಗೆ ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ಎಣ್ಣೆಯಿಂದ ಅದು ಸರಿಯಾಗದು. ದಾರದ ಬಾಯಿಯಲ್ಲಷ್ಟೇ ಉಜ್ಜುತ್ತಿದ್ದರೆ ದಾರಕ್ಕೆ ಮೇಣದ ಬತ್ತಿ ಸವರಿ.

ಪ್ರಶ್ನೆ: ದಾರ ಎಳೆದು ಆರಿಸಿದರೂ ಎಲ್‌ಇಡಿ ಬಲ್ಬ್ ರಾತ್ರಿ ಮಿಂಚುಹುಳದಂತೆ ಮಂದವಾಗಿ ಹೊಳೆಯುತ್ತದೆ. — ತುಮಕೂರು

ಉತ್ತರ: ಮೊದಲು ನೋಡಬೇಕಾದ್ದು, ಸ್ವಿಚ್ ಫೇಸನ್ನು ಕತ್ತರಿಸುತ್ತಿದೆಯೇ, ನ್ಯೂಟ್ರಲ್ಲನ್ನೇ? ಆಫ್ ಇದ್ದಾಗ ಹೋಲ್ಡರಿನಲ್ಲಿ ಟೆಸ್ಟರ್ ಪ್ರಖರವಾಗಿ ಹೊತ್ತಿದರೆ ನ್ಯೂಟ್ರಲ್ ಕತ್ತರಿಸುತ್ತಿದೆ, ವೈರಿಂಗ್ ಅದಲುಬದಲು ಮಾಡಿಸಿ. ಇದು ಹೊಳಪಿನ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಅದು ಸರಿಯಿದ್ದು, ಸ್ವಿಚ್ಚಿನಲ್ಲಿ ನಿಯಾನ್ ಸೂಚಕ ಇದ್ದರೆ ಅದರ ಮೂಲಕ ಹಾಯುವ ಅಲ್ಪ ಕರೆಂಟೇ ಕಾರಣ, ಅಪಾಯವಿಲ್ಲ. ಸೂಚಕವಿಲ್ಲದ ಸ್ವಿಚ್ ಹಾಕಿಸಿದರೆ ನಿಲ್ಲುತ್ತದೆ.

ಪ್ರಶ್ನೆ: ಹಾಸಿಗೆ ಹಿಡಿದಿರುವ ತಾಯಿಗೆ ಮಲಗಿದಲ್ಲಿಂದಲೇ ದೀಪ ಹಾಕುವಂತಾಗಬೇಕು. ಬೆಡ್ ಸ್ವಿಚ್ ಒಳ್ಳೆಯದೋ, ದಾರವೋ? — ಶಿರಸಿ

ಉತ್ತರ: ದಾರ. ಪೇರಳೆಕಾಯಿಯಂಥ ಬೆಡ್ ಸ್ವಿಚ್ಚಿನಲ್ಲಿ 230 ವೋಲ್ಟಿನ ವೈರೇ ದಿಂಬಿನ ಪಕ್ಕಕ್ಕೆ ಬರುತ್ತದೆ. ಮೈಕೆಳಗೆ ಸಿಕ್ಕಿ ಮಡಿದು ಒಳಗೇ ತುಂಡಾಗುತ್ತದೆ, ನೀರಿನ ಲೋಟ ಮಗುಚಿದರೆ ಇನ್ನೂ ಕಷ್ಟ. ದಾರದ ಸ್ವಿಚ್ಚಿನಲ್ಲಿ ಕರೆಂಟ್ ಚಾವಣಿಯಲ್ಲೇ ಉಳಿಯುತ್ತದೆ.

ಬಾಗಿಲ ಬಳಿಯ ಸ್ವಿಚ್ಚಿನಿಂದಲೂ ಅದೇ ದೀಪ ಉರಿಯಬೇಕಾದರೆ ಟೂ‌-ವೇ ದಾರದ ಸ್ವಿಚ್ ಕೇಳಿ ತನ್ನಿ. ಬಾಗಿಲ ಬಳಿಯದನ್ನೂ ಟೂ‌-ವೇ ಮಾಡಿಸಿ, ಎರಡರ ನಡುವೆ ಎರಡು ತಂತಿ ಹೆಚ್ಚಾಗಿ ಎಳೆಸಬೇಕಾಗುತ್ತದೆ, ಮಹಡಿ ಮೆಟ್ಟಿಲ ದೀಪದ ಹಾಗೆಯೇ. ಸ್ವಿಚ್ಚನ್ನು ದಿಂಬಿನ ನೇರ ಮೇಲೆ ಕೂರಿಸಬೇಡಿ, ಮಲಗಿದವರ ಕೈ ಸಹಜವಾಗಿ ಚಾಚುವ ಭುಜದ ಪಕ್ಕಕ್ಕೆ, ಮಂಚದ ಅಂಚಿಗೆ ಸರಿಯಾಗಿ ಕೂರಿಸಿ. ಓರೆ ಎಳೆತ ಬಿದ್ದಷ್ಟೂ ದಾರ ಬಾಯಂಚಿನಲ್ಲಿ ಸವೆಯುತ್ತದೆ, ಹಗ್ಗಕ್ಕೆ ಬಾವಿಕಟ್ಟೆಯ ಕಲ್ಲೇ ಸವೆಯುವಾಗ ನೈಲಾನ್ ಯಾವ ಲೆಕ್ಕ. ಹಂಚಿನ ಮನೆಯಾದರೆ ರೀಪಿಗೆ ಹೊಡೆಯಬೇಡಿ, ತೊಲೆಗೆ ಮರದ ಬಿಲ್ಲೆ ಹಾಕಿ ಎರಡು ಸ್ಕ್ರೂಗಳಲ್ಲಿ ಬಿಗಿಯಿರಿ. ಪ್ರತಿ ಎಳೆತದ ಭಾರವೂ ಆ ಸ್ಕ್ರೂಗಳ ಮೇಲೆಯೇ.

ತುದಿಗೆ ಚಿಕ್ಕ ಮಣಿ ಸಾಲದು, ಬೆರಳುಗಳಲ್ಲಿ ಶಕ್ತಿ ಇಲ್ಲದವರಿಗೆ ಬಳೆಯಂಥ ರಿಂಗ್ ಬೇಕು. ಬ್ರಿಟನ್ನಿನಲ್ಲಿ ಅಂಗವಿಕಲರ ಶೌಚಾಲಯದ ದಾರಕ್ಕೆ 50 ಮಿಲಿಮೀಟರ್ ಅಡ್ಡಗಲದ ಬಳೆ ಕಟ್ಟುತ್ತಾರೆ, ಬೆರಳು ತೂರಿಸಿ ಎಳೆಯಬಹುದು. ನೆರವು ಕೇಳುವ ಗಂಟೆಗೆ ಬೇರೆಯೇ ದಾರ, ಅದು ಕೆಂಪು. ಅದಕ್ಕೆ ಎರಡು ಬಳೆ: ಒಂದು ನೆಲದಿಂದ 80ರಿಂದ 100 ಸೆಂಟಿಮೀಟರ್ ಎತ್ತರದಲ್ಲಿ, ಇನ್ನೊಂದು ಬರೀ 10 ಸೆಂಟಿಮೀಟರಿನಲ್ಲಿ, ನೆಲಕ್ಕೆ ಬಿದ್ದವರ ಕೈಗೂ ಎಟುಕಲೆಂದು. ನೀವೂ ಕರೆಗಂಟೆಗೆ ಎರಡನೆಯ ದಾರ ಹಾಕುವುದಾದರೆ ಇದೇ ಕ್ರಮ ಅನುಸರಿಸಿ. ದೀಪದ ದಾರ ಬಿಳಿ ಇರಲಿ, ಗಂಟೆಯದು ಮಾತ್ರ ಕೆಂಪು, ಎರಡರ ನಡುವೆ ಒಂದು ಗೇಣಾದರೂ ಅಂತರವಿರಲಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ದಾರವನ್ನು ಕುಣಿಕೆಯಾಗಿ ಕಟ್ಟಬೇಡಿ. ಒಂಟಿ ಎಳೆಯಾಗಿ ಇಳಿಬಿಟ್ಟು, ಜೋರಾಗಿ ಜಗ್ಗಿದರೆ ತಾನಾಗಿ ಬಿಟ್ಟುಕೊಳ್ಳುವ ಎರಡು ಹೋಳಿನ ಕಾಯಿಯನ್ನು ಮಧ್ಯೆ ಸೇರಿಸಿ.